ಕಬ್ಬಿನ ಸೀಮೆಯಲ್ಲಿ ಸಕ್ಕರೆ ಕಡಿಮೆಯ ಊಟ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನನಗಿಂತ ಮೊದಲು ಮಾತನಾಡಿದವರೆಲ್ಲ ದೊಡ್ಡ ದೊಡ್ಡ ಹುದ್ದೆಯಲ್ಲಿರುವವರು. ನಾನು ಮನೆ ನಡೆಸುವವಳು. ಜಮಖಂಡಿ ಕಡೆಯ ಒಕ್ಕಲುತನದ ಮನೆಯಲ್ಲಿ ಹುಟ್ಟಿ, ಬನಹಟ್ಟಿಯ ನೇಕಾರರ ಮನೆಗೆ ಸೊಸೆಯಾಗಿ ಹೋದವಳು. ನನಗೆ ಚೆನ್ನಾಗಿ ಗೊತ್ತಿರುವುದು ಅಡಿಗೆಮನೆ. ಆದ್ದರಿಂದ ಊಟದ ಬಗ್ಗೆಯೇ ನಾಲ್ಕು ಮಾತು ಹೇಳುತ್ತೇನೆ.

ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗ ಮೊದಲು ಜೋಳದ ಸೀಮೆ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳ್ತನದಲ್ಲಿ ರೈತರೇ ವಂತಿಗೆ ಹಾಕಿ, ಶ್ರಮದಾನ ಮಾಡಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ಹಿಪ್ಪರಗಿಯ ನೀರು ಬಂತು, ಘಟಪ್ರಭೆಯ ಕಾಲುವೆ ಬಂತು. ನೀರಿನ ಹಿಂದೆ ಕಬ್ಬು ಬಂತು. ಸಮೀರವಾಡಿ, ಮುಧೋಳದ ಸಕ್ಕರೆ ಕಾರ್ಖಾನೆಗಳು, ಮಹಾಲಿಂಗಪುರದ ಬೆಲ್ಲದ ಪೇಟೆ ನಮಗೆ ಅನ್ನ ಕೊಟ್ಟಿವೆ. ಕಬ್ಬಿನ ಬಿಲ್ಲಿನಲ್ಲಿ ಮನೆ ಕಟ್ಟಿದೆವು, ಮಕ್ಕಳನ್ನು ಓದಿಸಿದೆವು. ಆ ಉಪಕಾರ ಮರೆಯುವಂತಿಲ್ಲ. ಆದರೆ ಹೊಲದ ಸಕ್ಕರೆ ಮೈಯೊಳಗೂ ಏರತೊಡಗಿದರೆ ಸುಮ್ಮನೆ ಕೂಡ್ರುವಂತಿಲ್ಲ. ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆ ಇದ್ದವರು 10 ಕೋಟಿಗೂ ಹೆಚ್ಚು, ಅದರ ಅಂಚಿನಲ್ಲಿ ನಿಂತವರು 13 ಕೋಟಿಗೂ ಹೆಚ್ಚು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ಹೇಳಿತು.

ಆರು ವರ್ಷದ ಹಿಂದೆ ನಮ್ಮ ಮನೆಯವರಿಗೂ ಶುಗರ್ ಬಂತು. ಮಗ್ಗದ ಮುಂದೆ ದಿನವಿಡೀ ನಿಂತು ಕೂತು ಮಾಡುವ ಕೆಲಸ, ನಡೆಯುವುದು ಕಡಿಮೆ, ಚಹಾ ಜಾಸ್ತಿ. ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆಯಲ್ಲಿ 9.4 ಬಂತು. "ಗುಳಿಗಿ ಬರೀತೀನಿ, ಆದ್ರ ಅರ್ಧ ಔಷಧ ನಿಮ್ಮ ತಾಟಿನ್ಯಾಗ ಐತಿ" ಎಂದರು ಡಾಕ್ಟರರು.

ಮನೆಗೆ ಬಂದು ಮೊದಲು ಚಹಾದ ಲೆಕ್ಕ ಹಾಕಿದೆ. ದಿನಕ್ಕೆ ನಾಲ್ಕು ಕಪ್ಪು, ಕಪ್ಪಿಗೆ ಎರಡು ಚಮಚ. ಚಮಚಕ್ಕೆ 4 ಗ್ರಾಂ ಹಿಡಿದರೂ 32 ಗ್ರಾಂ ಸಕ್ಕರೆ ಆಯಿತು. ದೊಡ್ಡವರಿಗೆ ದಿನಕ್ಕೆ 50 ಗ್ರಾಂ ದಾಟಬಾರದು, 25ರೊಳಗೆ ಇದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆರೋಗ್ಯವಂತರ ಮಿತಿಯೇ ಇಷ್ಟಾದರೆ ಕಾಯಿಲೆಯವರ ಮಾತೇನು? ಬೆಲ್ಲ ಹಾಕಿದರೆ ನಡೆಯುತ್ತದೆ ಎಂದು ಕೆಲವರು ಅಂದರು. ಬೆಲ್ಲವೂ ಕಬ್ಬಿನ ಹಾಲೇ. ರಕ್ತಕ್ಕೆ ಇಳಿದ ಮೇಲೆ ಎರಡೂ ಒಂದೇ.

ಆಮೇಲೆ ರೊಟ್ಟಿಯ ಲೆಕ್ಕ. "ಜೋಳ ತಿಂದವ ತೋಳ" ಎನ್ನುವ ನಾಡು ನಮ್ಮದು. ಜೋಳದಲ್ಲಿ ನಾರಿನಂಶ ಅಕ್ಕಿಗಿಂತ ಬಹಳ ಹೆಚ್ಚು, ಅದು ನಿಜ. ಆದರೂ 100 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 68 ಗ್ರಾಂ ಶರ್ಕರಪಿಷ್ಟವಿದೆ, ಅದು ಹೊಟ್ಟೆಯಲ್ಲಿ ಸಕ್ಕರೆಯೇ ಆಗುತ್ತದೆ. ರೊಟ್ಟಿ ಕೆಟ್ಟದ್ದಲ್ಲ, ಮೈಗೆ ಎಷ್ಟು ಬೇಕೋ ಅಷ್ಟು ಇರಬೇಕು. ಹೀಗಾಗಿ ಮಧ್ಯಾಹ್ನ ಒಂದೇ ರೊಟ್ಟಿ, ರಾತ್ರಿ ಕಾಳುಕಡಿ ಬಿಟ್ಟರೆ ಜೋಳ, ಗೋದಿ, ಅಕ್ಕಿ ಯಾವುದೂ ಇಲ್ಲ ಎಂದು ಗೊತ್ತುಮಾಡಿದೆ.

ನಮ್ಮ ಅತ್ತಿಯವರಿಗೆ ಇದು ಸರಿಬರಲಿಲ್ಲ. "ಯವ್ವಾ, ದುಡಿಯೂ ಗಂಡಸಿಗೆ ರೊಟ್ಟಿ ಇಲ್ಲಂದ್ರ ಅದೆಂಥಾ ಊಟಾ? ಬಂದವ್ರು ಏನಂದಾರು?" ಎಂದರು. ನಾನು ಹೇಳಿದೆ: "ಅತ್ತಿ, ಏಕಾದಶಿ ದಿನ ನೀವು ಧಾನ್ಯ ಮುಟ್ಟೂದಿಲ್ಲಲ್ರಿ, ಹಂಗ ತಿಳೀರಿ." ಅವರು ನಕ್ಕರು. ಆದರೆ ಒಂದು ಮಾತು: ಉಪವಾಸದ ಸಾಬೂದಾನಿ, ಬಟಾಟಿ ಶುಗರ್ ಇದ್ದವರಿಗೆ ಆಗಿಬರುವುದಿಲ್ಲ. ಅವೂ ಬರೀ ಪಿಷ್ಟ.

ಹಾಗಾದರೆ ರಾತ್ರಿ ಏನು ಉಣ್ಣುವುದು? ನಮ್ಮ ಸೀಮೆಗೆ ಅದರ ಬಡತನವಿಲ್ಲ. ಮೊಳಕೆ ಕಟ್ಟಿದ ಮಡಕಿ ಕಾಳಿನ ಪಲ್ಯ, ಬದನೆಕಾಯಿ ಎಣ್ಣೆಗಾಯಿ, ಪುಂಡಿಪಲ್ಯ, ಮೆಂತ್ಯಪಲ್ಯ, ಝುಣಕ, ತತ್ತಿ, ಮೊಸರು. ಜೊತೆಗೆ ಹಸಿ ಹಕ್ಕರಕಿ, ಸೌತೆಕಾಯಿ, ಮೂಲಂಗಿ, ಉಳ್ಳಾಗಡ್ಡಿ. ಮೇಲೆ ಶೇಂಗಾ, ಅಗಸಿ, ಗುರೆಳ್ಳಿನ ಚಟ್ನಿ. ನಂಜಿಕೊಳ್ಳಲು ಚಟಾಕಿನಷ್ಟು ಇರುತ್ತಿದ್ದ ಪಲ್ಯ ಈಗ ತಾಟಿನ ತುಂಬ ಬಂತು. ಅಷ್ಟೇ ಬದಲಾವಣೆ.

ಬಹಳ ಮುಖ್ಯವಾದದ್ದು ಕೂಡಿ ಉಣ್ಣುವುದು. ಶುಗರ್ ಬಂದವರಿಗೆ ಬೇರೆ ಡಬ್ಬಿ, ಬೇರೆ ಪಾತ್ರೆ ಮಾಡಿದರೆ ಅವರು ಮನೆಯಲ್ಲೇ ಪರದೇಶಿಯಾಗುತ್ತಾರೆ. ಮೊದಲ ವಾರ ನಮ್ಮ ಮನೆಯವರು ಎಲ್ಲರ ಊಟವಾದ ಮೇಲೆ ಒಬ್ಬರೇ ಕೂತು ಉಣ್ಣುತ್ತಿದ್ದರು. ಅದನ್ನು ನೋಡಿ ಅತ್ತಿಯವರೇ "ನಂಗೂ ಅದನ್ನ ಹಾಕು" ಎಂದು ಮಗನ ಪಕ್ಕ ಕೂತರು. ಅವತ್ತಿನಿಂದ ಎಲ್ಲರಿಗೂ ಒಂದೇ ಅಡಿಗೆ. ಬೆಳೆಯುವ ಮಗನಿಗೆ ಮಾತ್ರ ಬೇಕಾದಷ್ಟು ರೊಟ್ಟಿ. ದಿನವಿಡೀ ಕಬ್ಬು ಕಡಿಯುವವರಿಗೆ, ಬಸುರಿ ಬಾಣಂತಿಯರಿಗೆ, ಮಕ್ಕಳಿಗೆ ಧಾನ್ಯ ಬಿಡಿಸಬೇಡಿರಿ.

ಎಂಟು ತಿಂಗಳಿಗೆ 9.4 ಇದ್ದದ್ದು 7ಕ್ಕೆ ಇಳಿಯಿತು. ಡಾಕ್ಟರರು ಒಂದು ಗುಳಿಗೆ ಕಡಿಮೆ ಮಾಡಿದರು. ಇದನ್ನು ಕೇಳಿ ನೀವೇ ಗುಳಿಗೆ ಬಿಡಬೇಡಿರಿ. ಇನ್ಸುಲಿನ್ ಅಥವಾ ಗುಳಿಗೆ ತೆಗೆದುಕೊಳ್ಳುವವರು ಡಾಕ್ಟರರನ್ನು ಕೇಳದೆ ಒಮ್ಮೆಲೇ ರೊಟ್ಟಿ ಬಿಟ್ಟರೆ ಸಕ್ಕರೆ ತೀರಾ ಇಳಿದು ಬವಳಿ ಬಂದು ಬೀಳಬಹುದು. ಮೂತ್ರಪಿಂಡದ ತೊಂದರೆ ಇದ್ದವರು ಕಾಳು, ತತ್ತಿ ಎಷ್ಟು ಎಂದು ಕೇಳಿಯೇ ತಿನ್ನಬೇಕು.

ರೈತ ಬಂಧುಗಳಲ್ಲಿ ಒಂದು ವಿನಂತಿ. ನನ್ನ ತವರಿನಲ್ಲಿ ಜೋಳದ ಹೊಲದಲ್ಲಿ ಅಕ್ಕಡಿ ಸಾಲು ಬಿಡುತ್ತಿದ್ದರು: ಹೆಸರು, ಮಡಕಿ, ಅಲಸಂದಿ, ಅಗಸಿ, ಗುರೆಳ್ಳು. ಕಬ್ಬು ಬಂದ ಮೇಲೆ ಆ ಸಾಲು ಹೋಯಿತು. ಈಗ ಹತ್ತು ಎಕರೆ ಇದ್ದವರೂ ಕಾಳನ್ನು ಸಂತೆಯಲ್ಲಿ ಕೊಳ್ಳುತ್ತಾರೆ. ಕಬ್ಬು ಇರಲಿ, ಆದರೆ ಮನೆಯ ಊಟಕ್ಕಾಗಿ ನಾಲ್ಕು ಗುಂಟೆ ಬಿಡಿರಿ. ಬದುವಿನಲ್ಲಿ ಒಂದು ನುಗ್ಗೆ ಗಿಡ, ನಾಲ್ಕು ಸಾಲು ಪುಂಡಿ ಹಾಕಿರಿ.

30 ವರ್ಷ ದಾಟಿದ ಹಳೆಯ ವಿದ್ಯಾರ್ಥಿಗಳೆಲ್ಲ ಸರಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ ಒಮ್ಮೆ ಬಿಪಿ, ಶುಗರ್ ನೋಡಿಸಿಕೊಳ್ಳಿರಿ. ಇವತ್ತು ಶಾಲೆಯಲ್ಲಿ ಗೋದಿ ಹುಗ್ಗಿ ಮಾಡಿದ್ದಾರೆ, ಸುವರ್ಣ ಮಹೋತ್ಸವದ ಪ್ರಸಾದ. ಸಂತೋಷದಿಂದ ಉಣ್ಣಿರಿ, ಶುಗರ್ ಇದ್ದವರು ಒಂದು ಚಮಚದಲ್ಲೇ ಕೈಮುಗಿಯಿರಿ.