ವೈದ್ಯರ ಮುಂದೆ ಮರೆಮಾತು ಬೇಡ



ಕನ್ನಡ ಪಂಡಿತರಾದ ನಾವು ಮಲವಿಸರ್ಜನೆಯನ್ನು ಕುರಿತು ಭಾಷಣ ಮಾಡುವುದುಂಟೆ ಎಂದು ನಗಬೇಡಿರಿ. ನಮ್ಮನ್ನು ಈ ವಿಷಯಕ್ಕೆ ಎಳೆದು ತಂದುದು ಭಾಷೆಯೇ. ಬಹಿರ್ದೆಶೆ, ಶೌಚ, ಹೊರಕಡೆ ಎಂದು ಎಷ್ಟೊಂದು ಮರೆಮಾತುಗಳು! ವೈದ್ಯರ ಮುಂದೆಯೂ ಆ ಮರೆ ಸರಿಯುವುದಿಲ್ಲ. ನಮ್ಮ ಸೋದರಮಾವಂದಿರು ಎಂಟು ತಿಂಗಳು 'ಹೊಟ್ಟೆ ಸರಿಯಿಲ್ಲ' ಎಂಬ ಎರಡೇ ಮಾತಿನಲ್ಲಿ ರಕ್ತ ಬೀಳುವುದನ್ನು ಮುಚ್ಚಿಟ್ಟರು. ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸಿಕೊಂಡಿದ್ದರು. ಅದು ದೊಡ್ಡ ಕರುಳಿನ ಕ್ಯಾನ್ಸರ್ ಆಗಿದ್ದಿತು. ತಿಳಿಯುವಷ್ಟರಲ್ಲಿ ಯಕೃತ್ತಿಗೆ ಹಬ್ಬಿದ್ದಿತು.

ಮನೆವೈದ್ಯರು ಕೆದಕಿ ಕೇಳುವುದು ಕುತೂಹಲದಿಂದಲ್ಲ. ಎಷ್ಟು ವಾರಗಳಿಂದ? ಮೊದಲಿನ ಅಭ್ಯಾಸ ಬದಲಾಗಿದೆಯೆ? ಮೈತೂಕ ಇಳಿದಿದೆಯೆ? ಮನೆತನದಲ್ಲಿ ಯಾರಿಗಾದರೂ ಇದ್ದಿತೆ? ರಕ್ತ ಕೆಂಪೋ, ಮಲವೇ ಡಾಮರಿನಂತೆ ಕಪ್ಪೋ? ಕಪ್ಪಾದರೆ ಜಠರದ ಕಡೆಯ ರಕ್ತಸ್ರಾವವಿರಬಹುದು; ಕಬ್ಬಿಣಾಂಶದ ಗುಳಿಗೆ ನುಂಗುವವರಿಗೂ ಮಲ ಕಪ್ಪಾಗುವುದರಿಂದ ಅದನ್ನೂ ಹೇಳಬೇಕು. ಬಳಿಕ ಹೊಟ್ಟೆಯನ್ನು ಒತ್ತಿ ಗಡ್ಡೆಯುಂಟೆ ಎಂದು ನೋಡುವರು. ಕೈಗವಸು ತೊಟ್ಟು ಗುದದ್ವಾರದಲ್ಲಿ ಬೆರಳಿಟ್ಟು ಪರೀಕ್ಷಿಸುವರು. ನಮ್ಮ ಜನ ಎದ್ದು ಹೊರಡುವುದು ಇಲ್ಲಿಯೇ! ಕ್ಷಣಕಾಲದ ಆ ಪರೀಕ್ಷೆಯಲ್ಲಿ ಗುದನಾಳದ ಕೆಳಭಾಗದ ಗಡ್ಡೆ ಸಿಕ್ಕಬಹುದು. ಸಿಕ್ಕದಿದ್ದರೆ ರೋಗವಿಲ್ಲವೆಂದಲ್ಲ, ಬೆರಳಿನ ಉದ್ದವೇ ಅಷ್ಟು. ಆದುದರಿಂದಲೇ ರಕ್ತಹೀನತೆಯ ಪರೀಕ್ಷೆ, ಮಲದಲ್ಲಿ ಕಣ್ಣಿಗೆ ಕಾಣದ ರಕ್ತದ ಪರೀಕ್ಷೆ. ಇಂಗ್ಲೆಂಡಿನಲ್ಲಿ 2023ರ ಮಾರ್ಗಸೂಚಿಯಂತೆ, ಒಂದು ಗ್ರಾಂ ಮಲದಲ್ಲಿ 10 ಮೈಕ್ರೋಗ್ರಾಂ ಅಥವಾ ಅದಕ್ಕೂ ಹೆಚ್ಚು ಹೀಮೋಗ್ಲೋಬಿನ್ ಕಂಡರೆ ಮನೆವೈದ್ಯರು ರೋಗಿಯನ್ನು ತಡಮಾಡದೆ ತಜ್ಞರಲ್ಲಿಗೆ ಕಳುಹಿಸಬೇಕು.

ಕಾಸರಗೋಡಿನ ನಮ್ಮವರಲ್ಲಿ ಬಹುಮಂದಿ ಹೋಗುವುದು ಮಂಗಳೂರಿಗೆ. 2020ರಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಆ ದಾರಿಯ ಬೆಲೆ ಎಲ್ಲರಿಗೂ ತಿಳಿಯಿತು. ಅಲ್ಲಿ ಕೊಳವೆಯ ತುದಿಯ ಕ್ಯಾಮರಾದಿಂದ ಕರುಳನ್ನು ನೋಡುವರು. ಮನೆವೈದ್ಯರು ಕೊಟ್ಟ ಪತ್ರವನ್ನು ಮಾತ್ರ ಮನೆಯಲ್ಲಿ ಬಿಟ್ಟು ಹೋಗಬೇಡಿರಿ. ಎಷ್ಟು ಕಾಲದಿಂದ, ಬೆರಳಿಗೆ ಏನು ಸಿಕ್ಕಿತು, ಯಾವ ಔಷಧ ಎಂಬುದೆಲ್ಲ ಅದರಲ್ಲಿರುತ್ತದೆ.

ಇನ್ನೊಂದು ತೊಡಕುಂಟು. ಊರಿನ ವೈದ್ಯರಿಗೆ ಕನ್ನಡ ಬಾರದಿದ್ದಲ್ಲಿ ಮೊಮ್ಮಗನೇ ದುಭಾಷಿ. ಅವನ ಮುಂದೆ ಅಜ್ಜಿ ಏನೆಂದು ಹೇಳಿಯಾಳು? ಮೇಲಿನ ಪ್ರಶ್ನೆಗಳಿಗೆ ಉತ್ತರವನ್ನು ಮನೆಯಲ್ಲಿಯೇ ಚೀಟಿಯಲ್ಲಿ ಬರೆಯಿಸಿಕೊಂಡು ಹೋದರೆ ಆಯಿತು. ಮಲಯಾಳದಲ್ಲಿ ಬರೆಯಲು ಬಾರದವರು ಭಾನುವಾರ ಬೆಳಗ್ಗೆ ನಮ್ಮಲ್ಲಿಗೆ ಬರಲಿ; ನಾವು ಬರೆದುಕೊಡುವೆವು. ಹೆಂಗಸರ ಚೀಟಿಯನ್ನು ನಮ್ಮ ಮನೆಯವರು ಬರೆಯುವರು.