ಕೌಂಟರಿನ ಆಚೆ ಬದಿಯಲ್ಲಿ ಎಂಟು ವಾರ

(ಕುಕ್ ಟೌನ್‌ನಲ್ಲಿ ನಡೆದ ನಮ್ಮ ಟ್ರಸ್ಟಿನ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಬಿ.ಕಾಂ. ಅಂತಿಮ ವರ್ಷದ ಫಲಾನುಭವಿ ವಿದ್ಯಾರ್ಥಿನಿಯೊಬ್ಬರು ಮಾಡಿದ ಭಾಷಣ)

 

ಟ್ರಸ್ಟಿನ ಹಿರಿಯರೇ, ದಾನಿಗಳೇ, ದೂರದಿಂದ ಬಂದಿರುವ ತಂದೆತಾಯಂದಿರೇ, ನನ್ನ ತಮ್ಮ ತಂಗಿಯರೇ,

ನಮ್ಮ ಮನೆಯ ಮಾತು ದಖನಿ. ಇವತ್ತು ಕನ್ನಡದಲ್ಲಿ ಮಾತನಾಡುತ್ತೇನೆ ಎಂದು ನಾನೇ ಕೇಳಿಕೊಂಡೆ. ಬ್ಯಾಂಕಿನಲ್ಲಿ ನನ್ನ ಕೈ ಹಿಡಿದದ್ದು ಈ ಭಾಷೆ. ಅದು ಹೇಗೆಂದು ಮುಂದೆ ಹೇಳುತ್ತೇನೆ.

ನಮ್ಮ ಅಬ್ಬಾ ಟ್ಯಾನರಿ ರಸ್ತೆಯಲ್ಲಿ ಸ್ಕೂಟರ್ ರಿಪೇರಿ ಮಾಡುತ್ತಾರೆ. ಅಮ್ಮಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ನಾನು ಮಕ್ಕಳಿಗೆ ಟ್ಯೂಷನ್ ಹೇಳಿ ನನ್ನ ಪುಸ್ತಕದ ಖರ್ಚು ನೋಡಿಕೊಳ್ಳುತ್ತಿದ್ದೆ. ಕೊನೆಯ ವರ್ಷದಲ್ಲಿ ಇಂಟರ್ನ್‌ಶಿಪ್ ಮಾಡಲೇಬೇಕು ಎಂದು ಕಾಲೇಜಿನಲ್ಲಿ ಹೇಳಿದಾಗ ಮನೆಯಲ್ಲಿ ಲೆಕ್ಕ ಶುರುವಾಯಿತು. ಎಂಟು ವಾರ, ಬೆಳಿಗ್ಗೆಯಿಂದ ಸಂಜೆಯವರೆಗೆ ಕೆಲಸ, ಸಂಬಳವಿಲ್ಲ. ಟ್ಯೂಷನ್ ನಿಲ್ಲಿಸಬೇಕು. ಬಸ್ಸಿಗೆ ಶಕ್ತಿ ಟಿಕೆಟ್ ಇತ್ತು, ಊಟದ ಡಬ್ಬಿ ಮನೆಯಿಂದ. ಆದರೆ ಆ ವರ್ಷದ ಫೀಸನ್ನೂ ನಾವೇ ಹೊಂದಿಸಬೇಕಾಗಿದ್ದರೆ ನಾನು ಹೋಗಲು ಆಗುತ್ತಿರಲಿಲ್ಲ. ದಾನಿಗಳೇ, ನಿಮ್ಮ ಹಣ ಫೀಸಿಗೆ ಹೋಯಿತು ಎಂದು ರಸೀದಿಯಲ್ಲಿದೆ. ನಮ್ಮ ಮನೆಗೆ ಅದು ಎಂಟು ವಾರದ ಬಿಡುವನ್ನೂ ಕೊಟ್ಟಿತು. ಇದು ರಸೀದಿಯಲ್ಲಿ ಬರೆದಿರುವುದಿಲ್ಲ, ಆದ್ದರಿಂದ ಬಾಯಿಬಿಟ್ಟು ಹೇಳುತ್ತಿದ್ದೇನೆ.

ಬ್ಯಾಂಕಿನ ಹೆಸರು ಹೇಳುವುದಿಲ್ಲ. ಅಲ್ಲಿನ ವಿಷಯ ಹೊರಗೆ ಹೇಳಬಾರದೆಂದು ಮೊದಲ ದಿನವೇ ಸಹಿ ಹಾಕಿಸಿಕೊಂಡಿದ್ದಾರೆ. ದೇಶದ ದೊಡ್ಡ ಬ್ಯಾಂಕುಗಳಲ್ಲಿ ಒಂದು ಎಂದಷ್ಟೇ ತಿಳಿದುಕೊಳ್ಳಿ. ಇಂಟರ್ನ್‌ಗಳಿಗೆ ಕಂಪ್ಯೂಟರಿನ ಲಾಗಿನ್ ಕೊಡುವುದಿಲ್ಲ, ಹಣ ಮುಟ್ಟಿಸುವುದಿಲ್ಲ. ಮೊದಲ ಮೂರು ವಾರ ಕೆವೈಸಿ ಕಾಗದಗಳನ್ನು ಜೋಡಿಸಿ, ಯಾವುದು ಇದೆ, ಯಾವುದು ಇಲ್ಲ ಎಂದು ಪಟ್ಟಿ ಮಾಡಿದೆ. ಆಮೇಲೆ ಐದು ವಾರ ವಿಚಾರಣೆ ಮೇಜಿನ ಪಕ್ಕದಲ್ಲಿ ನಿಂತು ಫಾರಂ ತುಂಬಲು ಸಹಾಯ ಮಾಡಿದೆ.

ಕೇಳಲು ಸಣ್ಣ ಕೆಲಸ. ಆದರೆ ನಮ್ಮ ಜನರ ಹಣ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದು ಆ ಮೇಜಿನ ಮುಂದೆಯೇ ನನಗೆ ಕಂಡದ್ದು.

ಒಂದು ದಿನ ವಯಸ್ಸಾದ ತಾಯಿಯೊಬ್ಬರು ಬಂದರು. ಪಾಸ್‌ಬುಕ್ಕಿನಲ್ಲಿ ಹೆಸರಿನ ಮುಂದೆ ‘ಬೀ’ ಎಂದಿತ್ತು, ಆಧಾರ್‌ನಲ್ಲಿ ‘ಬೇಗಂ’, ಪ್ಯಾನ್‌ನಲ್ಲಿ ಗಂಡನ ಹೆಸರು ಸೇರಿತ್ತು. ಅವರು ಬರುತ್ತಿದ್ದದ್ದು ಮೂರನೇ ಸಲ. ಪ್ರತಿ ಸಲ ಕೇಳಿಸಿಕೊಂಡದ್ದು ‘ಮಿಸ್‌ಮ್ಯಾಚ್’ ಎಂಬ ಒಂದೇ ಮಾತು. ಅದರ ಅರ್ಥವನ್ನು ದಖನಿಯಲ್ಲಿ ಹೇಳಿದೆ. ಮೊದಲು ಆಧಾರ್ ಸರಿಪಡಿಸಿ, ಅದರಂತೆ ಪ್ಯಾನ್, ಅದರಂತೆ ಖಾತೆ ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಹನ್ನೆರಡು ದಿನ ಬಿಟ್ಟು ಬಂದು ಕೆಲಸ ಮುಗಿಸಿಕೊಂಡು ಹೋದರು. ಇನ್ನೊಂದು ದಿನ ರಾಯಚೂರಿನ ಕಡೆಯಿಂದ ಬಂದು ಕಟ್ಟಡ ಕೆಲಸ ಮಾಡುವ ಅಣ್ಣನೊಬ್ಬ. ಹಳೆಯ ಮೊಬೈಲ್ ನಂಬರ್ ಬಿಟ್ಟು ವರ್ಷವಾಗಿತ್ತು, ಒಟಿಪಿ ಎಲ್ಲ ಅದಕ್ಕೇ ಹೋಗುತ್ತಿತ್ತು. ಅವನಿಗೆ ಕನ್ನಡ ಬಿಟ್ಟರೆ ಬೇರೆ ಬರುವುದಿಲ್ಲ. ಆ ಹೊತ್ತು ಮೇಜಿನ ಬಳಿ ಕನ್ನಡ ಸರಾಗವಾಗಿ ಬರುತ್ತಿದ್ದವಳು ನಾನೊಬ್ಬಳೇ. ಅಂದಿನಿಂದ ಮೇಲಧಿಕಾರಿ ಮೇಡಂ ನನ್ನನ್ನು ಹೆಸರು ಹಿಡಿದು ಕರೆಯತೊಡಗಿದರು.

ಅಲ್ಲಿ ಕಲಿತ ಕೆಲವು ವಿಷಯಗಳು ಇಲ್ಲಿರುವ ಪ್ರತಿ ಮನೆಗೂ ಬೇಕಾದವು.

ಎರಡು ವರ್ಷ ನೀವಾಗಿ ಹಣ ಹಾಕದೆ, ತೆಗೆಯದೆ ಇದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ. ಮತ್ತೆ ಚಾಲೂ ಮಾಡಿಸಲು ಬ್ಯಾಂಕು ಶುಲ್ಕ ಕೇಳುವಂತಿಲ್ಲ. ಹತ್ತು ವರ್ಷ ಯಾರೂ ಕೇಳದ ಹಣ ರಿಸರ್ವ್ ಬ್ಯಾಂಕಿನ ಠೇವಣಿದಾರರ ನಿಧಿಗೆ ಹೋಗುತ್ತದೆ. ಹೋದ ಮೇಲೂ ವಾರಸುದಾರರು ಬ್ಯಾಂಕಿನ ಮೂಲಕ ಕೇಳಿ ಪಡೆಯಬಹುದು. ಅಂಥ ಖಾತೆಗಳನ್ನು ಹುಡುಕಲು ರಿಸರ್ವ್ ಬ್ಯಾಂಕು 2023ರಲ್ಲಿ ‘ಉದ್ಗಮ್’ ಎಂಬ ಜಾಲತಾಣ ಮಾಡಿದೆ. ನಿಮ್ಮ ದಾದಾ, ನಾನಾ ಅವರ ಹೆಸರು ಹಾಕಿ ಒಮ್ಮೆ ನೋಡಿ.

ನಾಮಿನಿ ಹೆಸರು ಬರೆಸಿ. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರ ಹೆಸರಿನವರೆಗೆ ಕೊಡಬಹುದು. ಆದರೆ ನಾಮಿನಿ ಆದವರು ಹಣದ ಒಡೆಯರಲ್ಲ. ಹಣ ಪಡೆದು ಹಕ್ಕುದಾರರಿಗೆ ತಲುಪಿಸಬೇಕಾದವರು. ಇದು ತಿಳಿಯದೆ ಅಣ್ಣತಮ್ಮಂದಿರು ಜಗಳವಾಡುವುದನ್ನು ನೋಡಿದ್ದೇನೆ.

ಸರ್ಕಾರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವವರು ಇದನ್ನು ಗಮನಿಸಿ: ಆಧಾರ್ ಜೋಡಣೆಯಾದ ಖಾತೆಗೆ ಹಣ ಬರುತ್ತದೆ. ಎರಡು ಮೂರು ಬ್ಯಾಂಕಿಗೆ ಆಧಾರ್ ಕೊಟ್ಟಿದ್ದರೆ, ಕೊನೆಯದಾಗಿ ಜೋಡಣೆಯಾದ ಬ್ಯಾಂಕಿಗೆ ಹೋಗುತ್ತದೆ. ‘ಹಣ ಬಂದಿಲ್ಲ’ ಎನ್ನುವ ಎಷ್ಟೋ ಮಕ್ಕಳ ಹಣ ಅವರು ಮರೆತ ಖಾತೆಯಲ್ಲಿ ಕುಳಿತಿರುತ್ತದೆ.

ಇನ್ನು ಒಂದು ಪ್ರಶ್ನೆ. ನಾನು ಬ್ಯಾಂಕಿಗೆ ಹೋಗುತ್ತೇನೆ ಎಂದಾಗ ಅಬ್ಬಾ ಸುಮ್ಮನಾದರು. ಆಮೇಲೆ ಕೇಳಿದರು: ‘ಬಡ್ಡಿಯ ಜಾಗ ಅಲ್ಲವೇನಮ್ಮ?’ ಇಲ್ಲಿರುವ ಅನೇಕರ ಮನಸ್ಸಿನಲ್ಲೂ ಈ ಪ್ರಶ್ನೆ ಇದೆ. ಅದಕ್ಕೆ ಉತ್ತರ ಹೇಳುವ ವಯಸ್ಸೂ ವಿದ್ಯೆಯೂ ನನ್ನದಲ್ಲ, ಆಲಿಂ ಸಾಹೇಬರನ್ನು ಕೇಳಬೇಕು. ನಾನು ಕಂಡದ್ದನ್ನಷ್ಟೇ ಹೇಳಬಲ್ಲೆ. ಬಡ್ಡಿ ಬೇಡ ಎನ್ನುವವರಿಗೂ ಬ್ಯಾಂಕಿನಲ್ಲಿ ದಾರಿ ಇದೆ. ಚಾಲ್ತಿ ಖಾತೆಗೆ ಬಡ್ಡಿಯೇ ಬರುವುದಿಲ್ಲ. ಆದರೆ ಬ್ಯಾಂಕು ಎಂದರೇ ಬೇಡ ಎಂದು ದೂರ ನಿಂತವರ ಹಣ ಎಲ್ಲಿಗೆ ಹೋಯಿತು? 2019ರ ಜೂನ್ ತಿಂಗಳಲ್ಲಿ ಶಿವಾಜಿನಗರದಲ್ಲಿ ಬುರ್ಖಾ ತೊಟ್ಟ ಹೆಂಗಸರು, ಪಿಂಚಣಿದಾರರು ರಸೀದಿ ಹಿಡಿದು ಸಾಲುಗಟ್ಟಿ ನಿಂತದ್ದನ್ನು ನೀವೆಲ್ಲ ನೋಡಿದ್ದೀರಿ. ಬಡ್ಡಿಯಲ್ಲ, ಲಾಭದ ಪಾಲು ಎಂದು ನಂಬಿ ಮಗಳ ಮದುವೆಯ ಹಣ ಇಟ್ಟಿದ್ದರು. ನಮ್ಮ ಬೀದಿಯಲ್ಲೇ ಅಂಥ ಮನೆಗಳಿವೆ.

ಬ್ಯಾಂಕಿನಲ್ಲಿಟ್ಟ ಹಣಕ್ಕೆ 2020ರ ಫೆಬ್ರವರಿ 4ರಿಂದ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. ಹಾಗೆ ಹಣ ಸಂಗ್ರಹಿಸುವ ಖಾಸಗಿ ಕಂಪನಿಗೆ ಈ ವಿಮೆ ಇಲ್ಲ. ಯಾರೇ ಬಂದು ತಿಂಗಳಿಗೆ ಇಷ್ಟು ಕೊಡುತ್ತೇನೆ ಎಂದರೆ, ಅವರು ಎಷ್ಟೇ ದೀನ್‌ದಾರರಾಗಿ ಕಂಡರೂ, ರಿಸರ್ವ್ ಬ್ಯಾಂಕಿನ ‘ಸಚೇತ್’ ಜಾಲತಾಣದಲ್ಲಿ ಆ ಸಂಸ್ಥೆಗೆ ಠೇವಣಿ ಪಡೆಯುವ ಅನುಮತಿ ಇದೆಯೇ ನೋಡಿ. ಅಬ್ಬಾ ಅವರಿಗೆ ಇದನ್ನು ಹೇಳಿದಾಗ ಅವರು ಹೇಳಿದ್ದು ಇಷ್ಟೇ: ‘ಈ ಮಾತು ಮಸೀದಿಯ ಹೊರಗೆ ನಿಂತು ನಾಲ್ಕು ಜನಕ್ಕೆ ಹೇಳಬೇಕು.’

ಬ್ಯಾಂಕು ನಮ್ಮವರಿಗೆ ಪರಕೀಯ ಎಂದುಕೊಳ್ಳಬೇಡಿ. 1906ರ ಮಾರ್ಚ್ 12ರಂದು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಖಾಸಿಂ ಸಾಹೇಬರು ಊರಿನ ಇತರ ಹಿರಿಯರೊಂದಿಗೆ ಸೇರಿ ಒಂದು ಬ್ಯಾಂಕು ತೆರೆದರು. ಆರಂಭದ ಬಂಡವಾಳ 5,000 ರೂಪಾಯಿ. ಅದೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು, 1980ರಲ್ಲಿ ರಾಷ್ಟ್ರೀಕರಣವಾಯಿತು, 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ಸೇರಿತು. ಅದೇ 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಆರಂಭಿಸಿದ ನಿಧಿ ಇಂದಿನ ಕೆನರಾ ಬ್ಯಾಂಕ್. ಕರಾವಳಿಯಲ್ಲಿ ಒಬ್ಬ ಹಾಜಿ ಸಾಹೇಬರೂ ಒಬ್ಬ ಪೈಗಳೂ ಒಂದೇ ವರ್ಷ ಊರಿನ ಜನರ ಉಳಿತಾಯಕ್ಕೆ ಭದ್ರ ಜಾಗ ಮಾಡಿದರು. ನಾನು ಆಚೆ ಬದಿಯಲ್ಲಿ ನಿಂತಾಗ ಈ ಕಥೆ ನನಗೆ ಧೈರ್ಯ ಕೊಟ್ಟಿತು.

ತಮ್ಮ ತಂಗಿಯರಿಗೆ ಎರಡು ಮಾತು. ಇಂಟರ್ನ್‌ಶಿಪ್‌ಗೆ ದೊಡ್ಡವರ ಶಿಫಾರಸು ಬೇಕೇಬೇಕು ಎಂದು ಕೂರಬೇಡಿ. ಕಾಲೇಜಿನ ಪ್ಲೇಸ್‌ಮೆಂಟ್ ಸರ್ ಹತ್ತಿರ ಐದನೇ ಸೆಮಿಸ್ಟರಿನಲ್ಲೇ ಹೋಗಿ. ಎಕ್ಸೆಲ್ ಕಲಿಯಿರಿ. ಕನ್ನಡ ಓದಲು ಬರೆಯಲು ಕಲಿಯಿರಿ. ಮನೆಯಲ್ಲಿ ಉರ್ದು ಇರಲಿ, ತಮಿಳು ಇರಲಿ, ಕೌಂಟರಿನಲ್ಲಿ ಒಂದೊಂದು ಭಾಷೆಯೂ ಒಂದೊಂದು ಅರ್ಹತೆ. ಪದವಿ ಮುಗಿದವರು ಅಪ್ರೆಂಟಿಸ್ ಪ್ರಕಟಣೆ ನೋಡುತ್ತಿರಿ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಸರ್ಕಾರಿ ಬ್ಯಾಂಕುಗಳು ಪದವೀಧರರನ್ನು ಒಂದು ವರ್ಷಕ್ಕೆ ತೆಗೆದುಕೊಳ್ಳುತ್ತವೆ, ತಿಂಗಳ ಭತ್ಯೆಯೂ ಇದೆ.

ಪೋಷಕರಲ್ಲಿ ಒಂದು ಬೇಡಿಕೆ. ಮಗಳು ಓದಿದ್ದು ಸಾಕು ಎಂದು ಈ ಹಂತದಲ್ಲಿ ನಿಲ್ಲಿಸಬೇಡಿ. ಆ ಮೇಜಿನ ಮುಂದೆ ಬಂದ ಎಷ್ಟೋ ತಾಯಂದಿರು ನನ್ನ ದುಪಟ್ಟಾ ನೋಡಿ, ನೇರ ನನ್ನ ಹತ್ತಿರವೇ ಬಂದು, ಯಾರಿಗೂ ಕೇಳಿಸದಂತೆ ತಮ್ಮ ಹಣದ ವಿಷಯ ಹೇಳಿಕೊಂಡರು. ಅವರಿಗೆ ಅಲ್ಲಿ ಒಬ್ಬ ಮಗಳು ಬೇಕಾಗಿದ್ದಳು.

ಟ್ರಸ್ಟಿನ ಹಿರಿಯರು ಒಪ್ಪಿದರೆ ಪ್ರತಿ ತಿಂಗಳ ಎರಡನೇ ಭಾನುವಾರ ನಾನೂ ನನ್ನ ಇಬ್ಬರು ಗೆಳತಿಯರೂ ಇಲ್ಲೇ ಕುಳಿತು ಖಾತೆ, ಆಧಾರ್, ನಾಮಿನಿ ಫಾರಂ ತುಂಬಿಕೊಡಲು ಸಿದ್ಧರಿದ್ದೇವೆ. ಪಾಸ್‌ಬುಕ್ಕನ್ನೂ ಆಧಾರ್ ಕಾರ್ಡನ್ನೂ ತನ್ನಿ. ಪಿನ್ ಮತ್ತು ಒಟಿಪಿ ಮಾತ್ರ ನಮಗೂ ಹೇಳಬೇಡಿ.