ಹತ್ತನೇ ತರಗತಿ ಆದ ಮೇಲೆ ಬಾಗಿಲು ಮುಚ್ಚದಿರಲಿ

(ಬಳ್ಳಾರಿ ತಾಲ್ಲೂಕಿನ ಸ್ವಸಹಾಯ ಸಂಘಗಳ ತಾಯಂದಿರು ಹಾಗೂ ಮಕ್ಕಳ ಸಭೆಯಲ್ಲಿ ಮಾಡಿದ ಭಾಷಣ)



ಮೊದಲಿಗೆ ನಮ್ಮದೇ ಒಂದು ತಪ್ಪನ್ನು ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ಎಸ್ಸೆಸ್ಸೆಲ್ಸಿ ಪಾಸಾದ ಒಬ್ಬ ಹುಡುಗಿ ನಮ್ಮಲ್ಲಿಗೆ ಬಂದಿದ್ದಳು. ಗಣಿ ಧೂಳು ಬಿದ್ದ ಹೊಲ, ಕೆಂಪಾದ ಹಳ್ಳದ ನೀರು – ಇದರ ಬಗ್ಗೆ ಓದಬೇಕೆಂಬುದು ಆಕೆಯ ಆಸೆ. "ಸೈನ್ಸ್ ಖರ್ಚು ಜಾಸ್ತಿ, ಆರ್ಟ್ಸ್ ತಗೋ" ಎಂದು ನಾವೇ ಕಳಿಸಿದೆವು. ಬಿ.ಎ. ಮುಗಿಸಿ ಪರಿಸರ ವಿಜ್ಞಾನದ ಎಂ.ಎಸ್ಸಿ.ಗೆ ಹೋದಾಗ, ವಿಜ್ಞಾನ ಪದವಿ ಇಲ್ಲವೆಂದು ಸೀಟು ಸಿಗಲಿಲ್ಲ. ಆಕೆ ಸಿಕ್ಕಾಗ ಈಗಲೂ ನಕ್ಕು ಮಾತಾಡಿಸುತ್ತಾಳೆ. ನಮಗೇ ಮುಖ ಎತ್ತಲು ಕಷ್ಟ.

ಆದ್ದರಿಂದ ಪಿಯುಸಿ ಸೇರುವ ಮುಂಚೆಯೇ ಇದನ್ನು ತಿಳಿದುಕೊಳ್ಳಿ. ಪರಿಸರ ವಿಜ್ಞಾನಕ್ಕೆ ಸಾಮಾನ್ಯವಾಗಿ ಬಿ.ಎಸ್ಸಿ. ಬೇಕು, ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದಂಥ ವಿಷಯ ಓದಿರಬೇಕು. ಆಮೇಲೆ ನೀರು, ಗಾಳಿ ಪರೀಕ್ಷಿಸುವ ಪ್ರಯೋಗಾಲಯ, ಮಾಲಿನ್ಯ ನಿಯಂತ್ರಣ ಮಂಡಳಿ, ಕಾರ್ಖಾನೆಗಳ ಪರಿಸರ ವಿಭಾಗ, ಅಧ್ಯಯನ ಸಂಸ್ಥೆಗಳಲ್ಲಿ ಕೆಲಸಕ್ಕೆ ಅವಕಾಶವಿದೆ. 2006ರ ಅಧಿಸೂಚನೆಯ ಪ್ರಕಾರ ದೊಡ್ಡ ಗಣಿ, ದೊಡ್ಡ ಕಾರ್ಖಾನೆಗೆ ಪರಿಸರ ಪರಿಣಾಮದ ವರದಿ ಬೇಕು; ಬಹುಪಾಲು ಸಂದರ್ಭದಲ್ಲಿ ಜನರ ಅಹವಾಲು ಸಭೆಯೂ ನಡೆಯಬೇಕು. ಆ ವರದಿ ಬರೆಯೋರು ಯಾರು? ಸಭೆಯಲ್ಲಿ ಅದನ್ನು ಓದಿ ಪ್ರಶ್ನೆ ಕೇಳೋರು ಯಾರು? ನಮ್ಮ ಊರಿನ ಮಕ್ಕಳು ಯಾಕಾಗಬಾರದು?

ಇನ್ನು ಪರಂಪರೆಯ ಅಧ್ಯಯನ. "ಬೂದಿ, ಕಲ್ಲು ಓದಿದ್ರ ಹೊಟ್ಟಿ ತುಂಬ್ತೈತೇನ್ರಿ ಸಿಸ್ಟರ್?" ಎಂದು ಒಬ್ಬ ತಾಯಿ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ನಮ್ಮ ಪಕ್ಕದ ಸಂಗನಕಲ್ಲನ್ನೇ ನೋಡಿ. ಅಲ್ಲಿ ಅಗೆದ ಮಣ್ಣನ್ನು ನೀರಿಗೆ ಹಾಕಿ, ಮೇಲೆ ತೇಲಿದ ಸುಟ್ಟ ಕಾಳುಗಳನ್ನು ವಿಜ್ಞಾನಿಗಳು ಆರಿಸಿದರು. ಸುಮಾರು ನಾಲ್ಕು ಸಾವಿರ ವರ್ಷದ ಹಿಂದಿನ ಜನ ಹುರುಳಿ, ಹೆಸರು, ಕೊರಲೆ ಬೆಳೆದು ಉಣ್ಣುತ್ತಿದ್ದರೆಂದು ಹಾಗೆ ತಿಳಿಯಿತು. ಇಲ್ಲಿ ಸಸ್ಯಶಾಸ್ತ್ರ, ಇತಿಹಾಸ ಎರಡೂ ಕೈಜೋಡಿಸಿವೆ.

ಈ ದಾರಿಯಲ್ಲಿ ಬಿ.ಎ. ಓದಿದವರಿಗೂ ಜಾಗವಿದೆ. ಇತಿಹಾಸ ಮತ್ತು ಪುರಾತತ್ತ್ವದಲ್ಲಿ ಎಂ.ಎ. ಮಾಡಬಹುದು. ಮುಂದೆ ಗ್ರೇಟರ್ ನೋಯ್ಡಾದಲ್ಲಿರುವ ಪುರಾತತ್ತ್ವ ಸಂಸ್ಥೆಯಲ್ಲಿ ಎರಡು ವರ್ಷದ ಡಿಪ್ಲೊಮಾ ಇದೆ. ಆಯ್ಕೆಗೆ ಪರೀಕ್ಷೆ ಬರೆಯಬೇಕು. ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ಶಾಸನ ವಿಭಾಗ ನಮ್ಮ ಮೈಸೂರಿನಲ್ಲೇ ಇದೆ. ಹಳಗನ್ನಡ, ಸಂಸ್ಕೃತ ಬಲ್ಲವರಿಗೆ ಅದು ಹೊಂದುವ ಕ್ಷೇತ್ರ. ಡೆಹರಾಡೂನಿನ ವಿಜ್ಞಾನ ಶಾಖೆಯಲ್ಲಿ ಸ್ಮಾರಕಗಳ ಕಲ್ಲು, ಚಿತ್ರ ಕಾಪಾಡುವ ರಸಾಯನಶಾಸ್ತ್ರಜ್ಞರಿದ್ದಾರೆ.

ಸಂಶೋಧನೆಗೆ ಎನ್‌ಇಟಿ ಪರೀಕ್ಷೆ ಮುಖ್ಯ. ಪರಿಸರ ವಿಜ್ಞಾನ, ಪುರಾತತ್ತ್ವ ಎರಡೂ ಅದರ ವಿಷಯಗಳು. ಅದರಲ್ಲಿ ಜೆಆರ್‌ಎಫ್ ಪಡೆದು ಪಿಎಚ್.ಡಿ.ಗೆ ಸೇರಿದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ಶಿಷ್ಯವೇತನ. ಹೊಟ್ಟೆ ತುಂಬುತ್ತೆ, ಅಮ್ಮಾ. ಆದರೆ ಒಂದು ಮಾತು ಮುಚ್ಚಿಡುವುದಿಲ್ಲ: ಹುದ್ದೆಗಳು ಕಡಿಮೆ, ಪೈಪೋಟಿ ಹೆಚ್ಚು, ಕಾಯುವ ವರ್ಷಗಳು ಉದ್ದ. ಮನೆಯವರ ತಾಳ್ಮೆ ಇಲ್ಲದೆ ಮಗು ಒಂದೇ ಇದನ್ನು ದಾಟಲಾರದು.

ಪಿಯುಸಿ ಅರ್ಜಿ ತುಂಬುವ ಮುಂಚೆ ಮಗುವನ್ನು ಕೂಡಿಸಿಕೊಂಡು "ನಿನಗೇನು ಇಷ್ಟ?" ಎಂದು ಕೇಳಿ. ಆಮೇಲೆ ನಮ್ಮಲ್ಲಿಗೆ ಬನ್ನಿ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಲು ನಾವು ಜೊತೆಗಿರುತ್ತೇವೆ. ಈ ಸಲ ನಾವು ಮೊದಲು ಕೇಳಿಸಿಕೊಂಡು, ಆಮೇಲೆ ಹೇಳುತ್ತೇವೆ.